ಪಾಠಕ್ರಮದ ಶಿಲ್ಪಿ ಕೊಮೇನಿಯಸ್

ಮನೆಯನ್ನು ಕಟ್ಟುವವರು ಮಾಡಿನಿಂದ ಕೆಲಸವನ್ನು ಆರಂಭಿಸುವುದಿಲ್ಲ; ಒಕ್ಕಲಿಗನು ನೆಲದ ಹದವನ್ನು ನೋಡದೆ ಬೀಜವನ್ನು ಬಿತ್ತುವುದಿಲ್ಲ. ಆದರೆ ಮಕ್ಕಳಿಗೆ ವಿದ್ಯೆಯನ್ನು ಕಲಿಸುವ ವಿಷಯದಲ್ಲಿ ಮಾತ್ರ ಮನುಷ್ಯನು ಶತಮಾನಗಳ ಕಾಲ ಈ ಸಾಮಾನ್ಯ ವಿವೇಕವನ್ನು ಮರೆತು ನಡೆದನು. ಯಾವುದನ್ನು ಮೊದಲು ಕಲಿಸಬೇಕು, ಯಾವುದನ್ನು ಅನಂತರ ಕಲಿಸಬೇಕು, ಎಷ್ಟು ಕಲಿಸಬೇಕು, ಯಾವ ಭಾಷೆಯಲ್ಲಿ ಕಲಿಸಬೇಕು ಎಂಬ ಪ್ರಶ್ನೆಗಳನ್ನು ಕ್ರಮವಾಗಿ ವಿಚಾರಮಾಡಿ, ಆ ವಿಚಾರಕ್ಕೆ ತಕ್ಕ ಪಠ್ಯಪುಸ್ತಕಗಳನ್ನೂ ತಾನೇ ರಚಿಸಿಕೊಟ್ಟ ಮಹನೀಯರಲ್ಲಿ ಅಗ್ರಗಣ್ಯನು ಯಾನ್ ಆಮೋಸ್ ಕೊಮೇನಿಯಸ್. ಇಂದು ನಮ್ಮ ಮಕ್ಕಳ ಕೈಯಲ್ಲಿರುವ ಚಿತ್ರಸಹಿತವಾದ ಪಾಠಪುಸ್ತಕ, ವಯಸ್ಸಿಗೆ ತಕ್ಕಂತೆ ಏರ್ಪಟ್ಟ ತರಗತಿಗಳು, ಸುಲಭದಿಂದ ಕಠಿಣಕ್ಕೆ ಏರುವ ಪಾಠಗಳ ಸರಣಿ, ಇವೆಲ್ಲವುಗಳ ಹಿಂದೆ ಆತನ ಚಿಂತನೆಯೂ ದುಡಿಮೆಯೂ ಇವೆ. ಶಿಕ್ಷಕರ ತರಬೇತಿಯನ್ನು ಪಡೆದವರೆಲ್ಲರೂ ಆತನ ಹೆಸರನ್ನು ಕೇಳಿರುತ್ತಾರೆ. ಆದರೆ ಆ ತತ್ತ್ವಗಳು ಎಂತಹ ಬಾಳಿನಿಂದ ಹುಟ್ಟಿ ಬಂದವೆಂಬುದನ್ನು ತಿಳಿದವರು ಕಡಮೆ. ಅವು ನೆಮ್ಮದಿಯ ಗ್ರಂಥಾಲಯದಲ್ಲಿ ಕುಳಿತು ಬರೆದ ಮಾತುಗಳಲ್ಲ. ಮನೆಮಠಗಳನ್ನು ಕಳೆದುಕೊಂಡು ದೇಶಾಂತರ ಅಲೆದ ಒಬ್ಬ ಉಪಾಧ್ಯಾಯನ ಅನುಭವದ ಫಲಗಳು.

ಕೊಮೇನಿಯಸನು 1592ನೆಯ ಮಾರ್ಚಿ 28ರಂದು, ಈಗಿನ ಚೆಕ್ ದೇಶಕ್ಕೆ ಸೇರಿದ ಮೊರಾವಿಯ ಪ್ರಾಂತದಲ್ಲಿ ಜನಿಸಿದನು. ಮಾತೃಭಾಷೆಯಾದ ಚೆಕ್‌ನಲ್ಲಿ ಆತನ ಹೆಸರು ಕೊಮೆನ್‌ಸ್ಕಿ. ವಿದ್ವಾಂಸರ ಭಾಷೆಯಾದ ಲ್ಯಾಟಿನ್ನಿನಲ್ಲಿ ಅದು ಕೊಮೇನಿಯಸ್ ಎಂದಾಯಿತು. ಸರಳ ಜೀವನಕ್ಕೂ ಶೀಲಕ್ಕೂ ಹೆಸರಾದ ಬೊಹೀಮಿಯದ ಸೋದರರ ಪಂಥಕ್ಕೆ ಆತನ ಮನೆತನವು ಸೇರಿತ್ತು. ಹನ್ನೆರಡು ವರ್ಷಗಳಾಗುವಷ್ಟರಲ್ಲಿ ತಂದೆಯೂ ತಾಯಿಯೂ ಇಬ್ಬರು ಸೋದರಿಯರೂ ತೀರಿಕೊಂಡರು. ಅನಾಥನಾದ ಬಾಲಕನು ಬಂಧುಗಳ ಆಶ್ರಯದಲ್ಲಿ ಬೆಳೆದನು. ಲ್ಯಾಟಿನ್ ಶಾಲೆಯ ಮೆಟ್ಟಿಲನ್ನು ಆತನು ಹತ್ತಿದ್ದು ಹದಿನಾರನೆಯ ವಯಸ್ಸಿನಲ್ಲಿ, ಪ್ರೆರೋವ್ ಎಂಬ ಊರಿನಲ್ಲಿ. ತನಗಿಂತ ಬಹಳ ಚಿಕ್ಕವರಾದ ಹುಡುಗರ ನಡುವೆ ಕುಳಿತು ಆತನು ಆ ಭಾಷೆಯ ಮೊದಲ ಪಾಠಗಳನ್ನು ಕಲಿಯಬೇಕಾಯಿತು.

ತಡವಾಗಿ ಶಾಲೆಗೆ ಸೇರಿದುದು ಒಂದು ದುರದೃಷ್ಟವೆಂದು ಯಾರಾದರೂ ಹೇಳಬಹುದು. ಆದರೆ ಅದೇ ಮುಂದೆ ಲೋಕದ ಅದೃಷ್ಟವಾಯಿತು. ಏಳೆಂಟು ವರ್ಷದ ಹುಡುಗನು ಶಾಲೆಯಲ್ಲಿ ನಡೆಯುವುದನ್ನೆಲ್ಲ ವಿಧಿಯೆಂದು ಸಹಿಸಿಕೊಳ್ಳುತ್ತಾನೆ. ಹದಿನಾರರ ತರುಣನು ಹಾಗಲ್ಲ, ಕಲಿಯುತ್ತಲೇ ಕಲಿಸುವ ವಿಧಾನವನ್ನೂ ಪರೀಕ್ಷಿಸುತ್ತಾನೆ. ಆ ಕಾಲದ ಶಾಲೆಗಳಲ್ಲಿ ವ್ಯಾಕರಣದ ನಿಯಮಗಳನ್ನು ಮೊದಲು ಕಂಠಪಾಠ ಮಾಡಿಸುತ್ತಿದ್ದರು. ಆ ನಿಯಮಗಳನ್ನು ಬರೆದದ್ದಾದರೂ ಹುಡುಗರಿಗೆ ಇನ್ನೂ ಬಾರದಿದ್ದ ಲ್ಯಾಟಿನ್ನಿನಲ್ಲಿಯೇ! ಅಂದರೆ ತಿಳಿಯದುದನ್ನು ತಿಳಿಯದ ಭಾಷೆಯಿಂದಲೇ ತಿಳಿಸುವ ಪ್ರಯತ್ನವದು. ಅರ್ಥವಾಗದವನಿಗೆ ಉಳಿದ ಬೋಧನೆ ಬೆತ್ತದ್ದು. ಹೀಗೆ ವರ್ಷಗಟ್ಟಲೆ ಕಳೆದರೂ ಅನೇಕರಿಗೆ ಒಂದು ಸರಳವಾದ ವಾಕ್ಯವನ್ನು ಆಡಲು ಬರುತ್ತಿರಲಿಲ್ಲ. ದೋಷವು ಮಕ್ಕಳ ಬುದ್ಧಿಯಲ್ಲಿಲ್ಲ, ಪಾಠವನ್ನು ಜೋಡಿಸಿದ ಕ್ರಮದಲ್ಲಿದೆ ಎಂಬ ಅರಿವು ಕೊಮೇನಿಯಸನಲ್ಲಿ ಮೊಳೆತದ್ದು ಈ ಬೆಂಚುಗಳ ಮೇಲೆಯೇ. ಆತನ ಮುಂದಿನ ಬಾಳೆಲ್ಲವೂ ಈ ಒಂದು ಅರಿವಿನ ವಿಸ್ತಾರವೆಂದರೆ ತಪ್ಪಾಗಲಾರದು.

1611ರಲ್ಲಿ ಆತನು ಜರ್ಮನಿಯ ಹೆರ್ಬೋರ್ನಿಗೆ ಹೋಗಿ ಆಲ್‌ಸ್ಟೆಡ್ ಎಂಬ ವಿಶ್ವಕೋಶ ಪಂಡಿತನ ಬಳಿಯಲ್ಲಿ ಕಲಿತನು; ಅಲ್ಲಿಂದ 1613ರಲ್ಲಿ ಹೈಡೆಲ್‌ಬರ್ಗ್ ವಿಶ್ವವಿದ್ಯಾನಿಲಯವನ್ನು ಸೇರಿದನು. ಕೈಯಲ್ಲಿ ಹಣ ಹೆಚ್ಚಿಲ್ಲದಿದ್ದರೂ, ಖಗೋಳ ವಿಜ್ಞಾನಿ ಕೋಪರ್ನಿಕಸನು ಸ್ವಹಸ್ತದಿಂದ ಬರೆದಿದ್ದ ಮಹಾಗ್ರಂಥದ ಮೂಲಪ್ರತಿಯನ್ನು ಆತನು 1614ರಲ್ಲಿ ಅಲ್ಲಿಯೇ ಕೊಂಡುಕೊಂಡನು. ಬಳಿಕ ನೂರಾರು ಮೈಲಿಗಳ ದಾರಿಯನ್ನು ನಡೆದೇ ಸ್ವದೇಶಕ್ಕೆ ಮರಳಿದನು. ತಾನು ಕಲಿತ ಪ್ರೆರೋವಿನ ಶಾಲೆಯಲ್ಲಿಯೇ ಉಪಾಧ್ಯಾಯನಾಗಿ ನಿಂತು, ಅಲ್ಲಿನ ಹುಡುಗರಿಗಾಗಿ ಲ್ಯಾಟಿನ್ ವ್ಯಾಕರಣವನ್ನು ಸುಲಭಗೊಳಿಸುವ ಒಂದು ಚಿಕ್ಕ ಪುಸ್ತಕವನ್ನು ಬರೆದನು. ಅದು ಆತನ ಮೊದಲನೆಯ ಪಾಠಪುಸ್ತಕ. 1618ರಲ್ಲಿ ಫುಲ್ನೆಕ್ ಎಂಬ ಪಟ್ಟಣದ ಪಾದ್ರಿಯಾಗಿ, ಅಲ್ಲಿಯ ಶಾಲೆಯ ಮೇಲ್ವಿಚಾರಕನಾಗಿ ನಿಯುಕ್ತನಾದನು. ಮದುವೆಯಾಗಿತ್ತು, ಗೃಹವೂ ಗ್ರಂಥಗಳೂ ಕೂಡಿಬಂದಿದ್ದವು.

ಆ ನೆಮ್ಮದಿ ಮೂರು ವರ್ಷವೂ ಉಳಿಯಲಿಲ್ಲ. 1618ರಲ್ಲಿಯೇ ಯೂರೋಪಿನ ಮೂವತ್ತು ವರ್ಷಗಳ ಯುದ್ಧವು ಆರಂಭವಾಗಿತ್ತು. 1620ನೆಯ ನವೆಂಬರು 8ರಂದು ಪ್ರಾಗ್ ನಗರದ ಬಳಿಯ ಬಿಳಿಬೆಟ್ಟದಲ್ಲಿ ನಡೆದ ಕಾಳಗದಲ್ಲಿ ಬೊಹೀಮಿಯದ ಸೈನ್ಯವು ಸೋತಿತು. ಗೆದ್ದ ಚಕ್ರವರ್ತಿಯು ತನ್ನ ಮತವನ್ನು ಒಪ್ಪದವರನ್ನು ಹಿಂಸಿಸತೊಡಗಿದನು. ಫುಲ್ನೆಕ್ ಪಟ್ಟಣವು ಸೈನಿಕರ ಲೂಟಿಗೆ ಗುರಿಯಾಯಿತು. ಕೊಮೇನಿಯಸನ ಮನೆಯೂ ಪುಸ್ತಕಗಳೂ ಹಾಳಾದವು. ಆತನು ತಲೆಮರೆಸಿಕೊಂಡಿದ್ದಾಗಲೇ, 1622ರಲ್ಲಿ, ಪತ್ನಿಯೂ ಇಬ್ಬರು ಎಳೆಯ ಮಕ್ಕಳೂ ಮಹಾಮಾರಿಗೆ ಬಲಿಯಾದರು. ಕಾಡು ಕೋಟೆಗಳಲ್ಲಿ ಅಡಗಿ ಬಾಳಿದ ಆ ವರ್ಷಗಳಲ್ಲಿ ಆತನು ರಚಿಸಿದ ಚೆಕ್ ಭಾಷೆಯ ರೂಪಕಕಥೆಯೊಂದು ಆ ಸಾಹಿತ್ಯದ ಶ್ರೇಷ್ಠ ಕೃತಿಗಳಲ್ಲಿ ಒಂದಾಗಿ ಇಂದಿಗೂ ಉಳಿದಿದೆ.

ಇಂತಹ ಕಾಲದಲ್ಲಿಯೇ ಆತನು ಶಿಕ್ಷಣಶಾಸ್ತ್ರವನ್ನು ಬರೆಯಲು ಸಂಕಲ್ಪಿಸಿದನು. 1627ರಲ್ಲಿ ಒಬ್ಬ ಶ್ರೀಮಂತನ ಗ್ರಂಥಭಂಡಾರದಲ್ಲಿ ಬೋಧನಕಲೆಯ ಕುರಿತಾದ ಒಂದು ಜರ್ಮನ್ ಪುಸ್ತಕವು ಕಣ್ಣಿಗೆ ಬಿತ್ತು. ತನ್ನ ಜನರಿಗೂ ಅಂತಹದೊಂದು ಗ್ರಂಥ ಬೇಕೆಂದು ಆತನಿಗೆ ತೋರಿತು. ಎಂದಾದರೊಂದು ದಿನ ಯುದ್ಧ ಮುಗಿಯುವುದು, ದೇಶಕ್ಕೆ ಹಿಂದಿರುಗುವೆವು, ಆಗ ಕೆಡವಿದ ಕೋಟೆಗಳಿಗಿಂತ ಮೊದಲು ಶಾಲೆಗಳನ್ನು ಕಟ್ಟಬೇಕಾಗುವುದು ಎಂಬುದು ಆತನ ನಂಬಿಕೆ. ಆದರೆ 1628ರಲ್ಲಿ ಸೋದರಪಂಥದವರೊಡನೆ ಬೆಟ್ಟಗಳನ್ನು ದಾಟಿ ಪೋಲೆಂಡಿನ ಲೆಷ್ನೊ ಪಟ್ಟಣವನ್ನು ಸೇರಿದ ಆತನು ಮತ್ತೆ ತಾಯ್ನೆಲದಲ್ಲಿ ನೆಲೆಸುವ ಭಾಗ್ಯವನ್ನು ಕಾಣಲಿಲ್ಲ.

ಲೆಷ್ನೊದಲ್ಲಿ ಶಾಲೆಯ ಉಪಾಧ್ಯಾಯನಾಗಿ ದುಡಿಯುತ್ತಲೇ ಆತನು ತನ್ನ ಮಹಾಬೋಧನಶಾಸ್ತ್ರವನ್ನು ಮೊದಲು ಚೆಕ್ ಭಾಷೆಯಲ್ಲಿ, ಬಳಿಕ ಲ್ಯಾಟಿನ್ನಿನಲ್ಲಿ ಬರೆದನು. ಅದರ ತಿರುಳನ್ನು ನಾಲ್ಕಾರು ಮಾತುಗಳಲ್ಲಿ ಸಂಗ್ರಹಿಸಬಹುದು. ಮೊದಲನೆಯದಾಗಿ, ವಿದ್ಯೆಯು ಎಲ್ಲರಿಗೂ ಸಲ್ಲತಕ್ಕದ್ದು. ಬಡವರು, ಬಲ್ಲಿದರು, ಗಂಡುಮಕ್ಕಳು, ಹೆಣ್ಣುಮಕ್ಕಳು, ಮಂದಬುದ್ಧಿಯವರು ಎಂಬ ಭೇದವಿಲ್ಲದೆ ಎಲ್ಲರೂ ಶಾಲೆಗೆ ಬರಬೇಕು. ಸೂರ್ಯನು ತನ್ನ ಬೆಳಕನ್ನು ಆರಿಸಿ ಆರಿಸಿ ಹಂಚುವುದಿಲ್ಲ. ಎರಡನೆಯದಾಗಿ, ಪದಕ್ಕಿಂತ ಪದಾರ್ಥವು ಮುಂದಾಗಿರಬೇಕು. ಕಣ್ಣಿನಿಂದ ಕಂಡು, ಕಿವಿಯಿಂದ ಕೇಳಿ, ಕೈಯಿಂದ ಮುಟ್ಟಿದ ಮೇಲೆ ಹೆಸರನ್ನು ಕಲಿತರೆ ಅದು ಮನಸ್ಸಿನಲ್ಲಿ ನಿಲ್ಲುತ್ತದೆ. ಮೂರನೆಯದಾಗಿ, ತಿಳಿದುದರಿಂದ ತಿಳಿಯದುದಕ್ಕೆ, ಹತ್ತಿರದಿಂದ ದೂರಕ್ಕೆ, ಸುಲಭದಿಂದ ಕಠಿಣಕ್ಕೆ ಪಾಠಗಳು ಸಾಗಬೇಕು. ನಡುವೆ ಒಂದು ಮೆಟ್ಟಿಲೂ ತಪ್ಪಬಾರದು. ನಾಲ್ಕನೆಯದಾಗಿ, ಅರ್ಥಮಾಡಿಕೊಳ್ಳದ ಯಾವುದನ್ನೂ ಕಂಠಪಾಠ ಮಾಡಿಸಬಾರದು. ಐದನೆಯದಾಗಿ, ಮಾಡತಕ್ಕುದನ್ನು ಮಾಡಿಯೇ ಕಲಿಯಬೇಕು. ಬರೆಯುವುದನ್ನು ಬರೆದು, ಮಾತನಾಡುವುದನ್ನು ಮಾತನಾಡಿ.

ಈ ತತ್ತ್ವಗಳಿಗೆ ಆತನು ಪ್ರಕೃತಿಯಿಂದಲೂ ಕುಶಲಕರ್ಮಿಗಳಿಂದಲೂ ದೃಷ್ಟಾಂತಗಳನ್ನು ತೆಗೆದುಕೊಂಡನು. ಹಕ್ಕಿಯು ತಕ್ಕ ಋತುವನ್ನು ಕಾದು ಮೊಟ್ಟೆಯನ್ನಿಡುತ್ತದೆ; ತೋಟಗಾರನು ಎಳೆಯ ಸಸಿಯನ್ನು ನೆಡುವನೇ ಹೊರತು ಹಳೆಯ ಮರವನ್ನು ಕಿತ್ತು ನೆಡುವುದಿಲ್ಲ. ಉಪಾಧ್ಯಾಯನೂ ಮಗುವಿನ ವಯಸ್ಸನ್ನೂ ಸಿದ್ಧತೆಯನ್ನೂ ನೋಡಿಯೇ ಪಾಠವನ್ನು ತೊಡಗಬೇಕು. ಮನುಷ್ಯನ ಮೊದಲ ಇಪ್ಪತ್ತನಾಲ್ಕು ವರ್ಷಗಳನ್ನು ಆರಾರು ವರ್ಷಗಳ ನಾಲ್ಕು ಶಾಲೆಗಳನ್ನಾಗಿ ಆತನು ವಿಭಾಗಿಸಿದನು: ಪ್ರತಿಯೊಂದು ಮನೆಯಲ್ಲಿಯೂ ತಾಯಿಯ ಮಡಿಲ ಶಾಲೆ; ಪ್ರತಿಯೊಂದು ಹಳ್ಳಿಯಲ್ಲಿಯೂ ಮಾತೃಭಾಷೆಯ ಶಾಲೆ; ಪ್ರತಿಯೊಂದು ಪಟ್ಟಣದಲ್ಲಿಯೂ ಲ್ಯಾಟಿನ್ ಶಾಲೆ; ಪ್ರತಿಯೊಂದು ರಾಜ್ಯದಲ್ಲಿಯೂ ವಿಶ್ವವಿದ್ಯಾನಿಲಯ. ಒಂದೇ ವಿಷಯವು ಈ ನಾಲ್ಕರಲ್ಲಿಯೂ ಬರುತ್ತದೆ. ಆದರೆ ಕೆಳಗೆ ಬೀಜದಂತೆ, ಮೇಲೆ ಹೋದಂತೆಲ್ಲ ಮರದಂತೆ. ತೊಟ್ಟಿಲ ಕೂಸಿಗೂ ಭೂಗೋಳವಿದೆ, ತನ್ನ ಕೋಣೆ, ಅಂಗಳ, ಬೀದಿಗಳೇ ಅದರ ಭೂಗೋಳ. ನಿನ್ನೆ ನಡೆದುದನ್ನು ನೆನೆಯುವುದೇ ಅದರ ಇತಿಹಾಸ. ಹೆಚ್ಚು ಕಡಮೆಗಳನ್ನು ತಿಳಿಯುವುದೇ ಅದರ ಗಣಿತ. ಮಾತೃಭಾಷೆಯ ಶಾಲೆಯಲ್ಲಿ ದಿನಕ್ಕೆ ನಾಲ್ಕು ಗಂಟೆಗಳಿಗಿಂತ ಹೆಚ್ಚು ಪಾಠ ಕೂಡದು. ಬುದ್ಧಿಗೆ ಸಂಬಂಧಪಟ್ಟ ಪಾಠಗಳು ಬೆಳಗ್ಗೆ, ಕೈಗೂ ಕಂಠಕ್ಕೂ ಸಂಬಂಧಪಟ್ಟವು ಮಧ್ಯಾಹ್ನದ ಮೇಲೆ ನಡೆಯಬೇಕೆಂದು ಆತನು ವಿಧಿಸಿದನು.

ಭಾಷೆಯ ವಿಷಯದಲ್ಲಿ ಆತನ ನಿಲುವು ಸ್ಪಷ್ಟವಾಗಿತ್ತು. ಆರರಿಂದ ಹನ್ನೆರಡು ವರ್ಷಗಳವರೆಗೆ ಎಲ್ಲ ಮಕ್ಕಳೂ, ಮುಂದೆ ಪಂಡಿತರಾಗತಕ್ಕವರೂ ಸಹ, ಮಾತೃಭಾಷೆಯಲ್ಲಿಯೇ ಕಲಿಯಬೇಕು. ನಡೆಯಲು ಬಾರದ ಮಗುವಿಗೆ ಕುದುರೆಯ ಸವಾರಿಯನ್ನು ಕಲಿಸುವುದು ಹೇಗೋ, ಮಾತೃಭಾಷೆಯು ಬಲಿಯುವ ಮೊದಲು ಅನ್ಯಭಾಷೆಯಲ್ಲಿ ಪಾಠಹೇಳುವುದೂ ಹಾಗೆಯೇ ಎಂದು ಆತನು ಭಾವಿಸಿದನು. ಹಾಗೆಂದು ಆತನು ಅನ್ಯಭಾಷೆಗಳ ದ್ವೇಷಿಯಲ್ಲ. ಹತ್ತರಿಂದ ಹನ್ನೆರಡನೆಯ ವಯಸ್ಸಿನೊಳಗೆ ನೆರೆಯವರ ಭಾಷೆಯನ್ನು ಆ ಜನರ ಸಹವಾಸದಿಂದಲೇ ಕಲಿಯಬೇಕು, ಬಳಿಕ ವಿದ್ವತ್ತಿನ ಭಾಷೆಯನ್ನು ಕಲಿಯಬೇಕು ಎಂಬುದು ಆತನ ಕ್ರಮ. ಮೊದಲು ಮನೆಯ ಮಾತು, ಆಮೇಲೆ ನೆರೆಯ ಮಾತು, ಆಮೇಲೆ ಲೋಕದ ಮಾತು.

ತತ್ತ್ವವನ್ನು ಹೇಳುವವರು ಹಲವರು. ಅದನ್ನು ಪುಸ್ತಕವಾಗಿ ಮಾಡಿ ಮಗುವಿನ ಕೈಯಲ್ಲಿ ಇಡುವವರು ಕೆಲವರು. ಕೊಮೇನಿಯಸನ ನಿಜವಾದ ಹಿರಿಮೆ ಇಲ್ಲಿದೆ. ಸ್ಪೇನ್ ದೇಶದ ಸಲಮಾಂಕದಲ್ಲಿದ್ದ ಐರಿಷ್ ಜೆಸೂಯಿಟರು 1611ರಲ್ಲಿ ಲ್ಯಾಟಿನ್ ಪದಗಳನ್ನು ವಾಕ್ಯಗಳಲ್ಲಿ ಜೋಡಿಸಿದ ಒಂದು ಪುಸ್ತಕವನ್ನು ಪ್ರಕಟಿಸಿದ್ದರು. ಆ ಯೋಚನೆಯನ್ನು ಮೆಚ್ಚಿದ ಕೊಮೇನಿಯಸನು ಅದರ ಜೋಡಣೆಯನ್ನು ಮೆಚ್ಚಲಿಲ್ಲ. ತಾನೇ ಸುಮಾರು ಎಂಟು ಸಾವಿರ ಪದಗಳನ್ನು ಆರಿಸಿ, ಒಂದು ಸಾವಿರ ವಾಕ್ಯಗಳಲ್ಲಿ ಪೋಣಿಸಿ, ಲೋಕದ ವಸ್ತುಗಳನ್ನೆಲ್ಲ ನೂರು ಅಧ್ಯಾಯಗಳಲ್ಲಿ ಕ್ರಮಪಡಿಸಿದನು. 1631ರಲ್ಲಿ ಹೊರಬಂದ ಭಾಷಾದ್ವಾರವೆಂಬ ಈ ಪುಸ್ತಕವು ಯೂರೋಪಿನಲ್ಲೆಲ್ಲ ಹಬ್ಬಿತು. ಆತನೇ ಬರೆದಿಟ್ಟಂತೆ, ಅದು ಹನ್ನೆರಡು ಯೂರೋಪಿಯನ್ ಭಾಷೆಗಳಲ್ಲಿಯೂ ಅರಬ್ಬಿ, ಪಾರಸಿ ಮೊದಲಾದ ಏಷ್ಯದ ಭಾಷೆಗಳಲ್ಲಿಯೂ ಕಾಣಿಸಿಕೊಂಡಿತು.

ಇಷ್ಟು ಕೀರ್ತಿ ಬಂದ ಮೇಲೆ ಬೇರೊಬ್ಬನಾಗಿದ್ದರೆ ಸಂತೃಪ್ತನಾಗಿ ಕುಳಿತುಬಿಡುತ್ತಿದ್ದನು. ಕೊಮೇನಿಯಸನು ಹಾಗೆ ಮಾಡಲಿಲ್ಲ. ಆ ದ್ವಾರವು ಎಳೆಯರಿಗೆ ಬಹಳ ಎತ್ತರವಾಯಿತೆಂಬುದು ತಿಳಿಯುತ್ತಲೇ, 1633ರಲ್ಲಿ ಅದಕ್ಕಿಂತ ಸುಲಭವಾದ, ಕೆಲವೇ ಪದಗಳ ಮತ್ತೊಂದು ಪುಸ್ತಕವನ್ನು ಮುಂಬಾಗಿಲ ಜಗಲಿಯಂತೆ ಕಟ್ಟಿಕೊಟ್ಟನು. ಮಗುವು ಪುಸ್ತಕದಲ್ಲಿ ಎಡವಿದರೆ ಮಗುವನ್ನು ದಂಡಿಸುವುದಲ್ಲ, ಪುಸ್ತಕವನ್ನು ತಿದ್ದಬೇಕು. ಪಾಠಕ್ರಮವನ್ನು ರಚಿಸುವವರಿಗೆ ಇದಕ್ಕಿಂತ ದೊಡ್ಡ ಪಾಠವಿಲ್ಲ.

ಆತನ ಹೆಸರನ್ನು ಕೇಳಿ ದೇಶ ದೇಶಗಳಿಂದ ಕರೆಗಳು ಬಂದವು. ಹಾರ್ಟ್‌ಲಿಬ್ ಮೊದಲಾದ ಮಿತ್ರರ ಆಹ್ವಾನದ ಮೇರೆಗೆ 1641ರಲ್ಲಿ ಲಂಡನ್ನಿಗೆ ಹೋದನು. ಸಕಲ ವಿದ್ಯೆಗಳಿಗೂ ನೆಲೆಯಾಗುವ ಒಂದು ವಿದ್ವತ್ಪೀಠವನ್ನು ಸ್ಥಾಪಿಸುವ ಆಸೆ ಅಲ್ಲಿ ಚಿಗುರಿತ್ತು. ಆದರೆ ಐರ್ಲೆಂಡಿನ ದಂಗೆಯೂ ಅಂತರ್ಯುದ್ಧದ ಕಾರ್ಮೋಡವೂ ಅದನ್ನು ಮುರುಟಿಸಿದವು. ಮರುವರ್ಷ ಸ್ವೀಡನ್ನಿಗೆ ಹೊರಟನು. ದಾರಿಯಲ್ಲಿ ಹಾಲೆಂಡಿನಲ್ಲಿ ದಾರ್ಶನಿಕ ಡೇಕಾರ್ಟನನ್ನು ಕಂಡು ಕೆಲವು ಗಂಟೆಗಳ ಕಾಲ ಸಂಭಾಷಿಸಿದನು. ಸ್ವೀಡನ್ನಿನ ಮಹಾಮಂತ್ರಿಯು ಆತನಿಂದ ಪಾಠಪುಸ್ತಕಗಳನ್ನು ಬಯಸಿದನು. ಅವುಗಳಿಗಾಗಿ ಎಲ್ಬಿಂಗ್ ಪಟ್ಟಣದಲ್ಲಿ ಕುಳಿತು ಆರು ವರ್ಷ ದುಡಿದನು. 1648ರಲ್ಲಿ ಯುದ್ಧವು ಮುಗಿದು ಒಪ್ಪಂದವಾಯಿತು. ಆದರೆ ಬೊಹೀಮಿಯದ ಸೋದರರಿಗೆ ಸ್ವದೇಶಕ್ಕೆ ಮರಳುವ ಹಕ್ಕು ಆ ಒಪ್ಪಂದದಲ್ಲಿ ದೊರೆಯಲಿಲ್ಲ. ಇಪ್ಪತ್ತು ವರ್ಷಗಳ ಆಸೆಯು ಒಂದು ಕಾಗದದಲ್ಲಿ ಕೊನೆಗೊಂಡಿತು. ಅದೇ ವರ್ಷ ಎರಡನೆಯ ಪತ್ನಿಯೂ ತೀರಿಕೊಂಡಳು.

1650ರಿಂದ 1654ರವರೆಗೆ ಹಂಗೇರಿಯ ಶಾರೋಶ್‌ಪಾಟಕ್ ಎಂಬಲ್ಲಿ ಶಾಲೆಯನ್ನು ಸುಧಾರಿಸುವ ಕೆಲಸವು ದೊರೆಯಿತು. ಏಳು ತರಗತಿಗಳ ಮಾದರಿ ಶಾಲೆಯೊಂದರ ಯೋಜನೆಯನ್ನು ಆತನು ಸಿದ್ಧಪಡಿಸಿದನು. ತೆರೆಯಲು ಸಾಧ್ಯವಾದದ್ದು ಮೂರು ತರಗತಿಗಳು ಮಾತ್ರ. ಅಲ್ಲಿಯ ಹುಡುಗರಿಗೆ ಪುಸ್ತಕವೆಂದರೆ ಬೇಸರವೆಂಬುದನ್ನು ಕಂಡು, ತನ್ನ ಭಾಷಾದ್ವಾರದ ಪಾಠಗಳನ್ನೇ ಎಂಟು ನಾಟಕಗಳನ್ನಾಗಿ ಬರೆದು ಅವರಿಂದಲೇ ಆಡಿಸಿದನು. ಬಾಯಿ ತೆರೆಯಲು ಅಂಜುತ್ತಿದ್ದ ಹುಡುಗರು ರಂಗದ ಮೇಲೆ ನಿಂತು ಲ್ಯಾಟಿನ್ ಮಾತನಾಡತೊಡಗಿದರು. ಇಷ್ಟಾದರೂ ಒಂದು ಕೊರತೆಯು ಆತನನ್ನು ಕಾಡುತ್ತಿತ್ತು. ಪದಕ್ಕಿಂತ ಪದಾರ್ಥವು ಮುಂದಾಗಿರಬೇಕೆಂದು ಹೇಳಿದವನ ಪುಸ್ತಕದಲ್ಲಿಯೇ ಪದಗಳಿದ್ದವು, ಪದಾರ್ಥಗಳಿರಲಿಲ್ಲ. ಆನೆಯನ್ನೂ ಹಡಗನ್ನೂ ತರಗತಿಗೆ ತರುವುದು ಸಾಧ್ಯವೇ? ತರಲಾಗದ ವಸ್ತುವಿನ ಚಿತ್ರವನ್ನಾದರೂ ತರಬಹುದಷ್ಟೆ.

ಹೀಗೆ ಹುಟ್ಟಿದ್ದು ಆತನ ಚಿತ್ರಪ್ರಪಂಚವೆಂಬ ಪುಸ್ತಕ. ಮರದ ಅಚ್ಚುಗಳನ್ನು ಕೆತ್ತಬಲ್ಲ ನಿಪುಣರು ಹಂಗೇರಿಯಲ್ಲಿ ದೊರೆಯದ ಕಾರಣ ಅದು ಜರ್ಮನಿಯ ನ್ಯೂರೆಂಬರ್ಗ್ ನಗರದಲ್ಲಿ 1658ರಲ್ಲಿ ಮುದ್ರಿತವಾಯಿತು. ನೂರೈವತ್ತು ಪಾಠಗಳು, ಪ್ರತಿ ಪಾಠದ ಮೇಲೆ ಒಂದು ಚಿತ್ರ, ಕೆಳಗೆ ಒಂದು ಸಾಲಿನಲ್ಲಿ ಲ್ಯಾಟಿನ್, ಪಕ್ಕದ ಸಾಲಿನಲ್ಲಿ ಮಗುವಿನ ಜರ್ಮನ್. ಚಿತ್ರದಲ್ಲಿರುವ ವಸ್ತುವಿಗೂ ವಾಕ್ಯದಲ್ಲಿರುವ ಪದಕ್ಕೂ ಒಂದೇ ಅಂಕೆಯನ್ನು ಕೊಟ್ಟಿದೆ. ಮಗುವು ಬೆರಳಿಟ್ಟು ತಾನೇ ಹುಡುಕಿಕೊಳ್ಳಬಹುದು. ಅಕ್ಷರಮಾಲೆಯೂ ಸಹ ಬರಿಯ ಅಕ್ಷರಗಳಿಂದಲ್ಲ, ಕಾಗೆಯ ಕೂಗು, ಕುರಿಮರಿಯ ಅರಚು, ಹಾವಿನ ಬುಸುಗುಟ್ಟುವಿಕೆ ಮುಂತಾದ ಧ್ವನಿಗಳಿಂದಲೇ ಆರಂಭವಾಗುತ್ತದೆ. ಕಮ್ಮಾರ, ಬಡಗಿ, ಕುಂಬಾರ, ರೊಟ್ಟಿಗಾರ, ಅಚ್ಚುಕೂಟ, ಶಾಲೆ, ಹೊಲ, ಆಕಾಶ, ಎಲ್ಲಕ್ಕೂ ಅದರಲ್ಲಿ ಸ್ಥಾನವಿದೆ. ಮರುವರ್ಷವೇ ಇಂಗ್ಲೀಷಿಗೆ ಅನುವಾದವಾದ ಈ ಪುಸ್ತಕವು ಮುಂದೆ ನೂರಾರು ವರ್ಷ ಮಕ್ಕಳ ಕೈಯಲ್ಲಿ ಉಳಿಯಿತು. ಜರ್ಮನಿಯ ಮಹಾಕವಿ ಗಯಟೆಯೂ ಬಾಲ್ಯದಲ್ಲಿ ಅದನ್ನು ಓದಿ ಬೆಳೆದವನು.

ಆದರೆ ಆ ಪುಸ್ತಕವು ಅಚ್ಚಾಗುವ ಮೊದಲೇ ಇನ್ನೊಂದು ಆಪತ್ತು ಎರಗಿತ್ತು. 1656ರಲ್ಲಿ ಸ್ವೀಡನ್ ಪೋಲೆಂಡುಗಳ ಯುದ್ಧದಲ್ಲಿ ಲೆಷ್ನೊ ಪಟ್ಟಣವು ಬೆಂಕಿಗೆ ಆಹುತಿಯಾಯಿತು. ಮಾತೃಭಾಷೆಯ ಸಂಪತ್ತನ್ನೆಲ್ಲ ಒಂದೆಡೆ ಕೂಡಿಡಬೇಕೆಂದು ನಲವತ್ತಕ್ಕೂ ಹೆಚ್ಚು ವರ್ಷಗಳಿಂದ ಬರೆದಿಟ್ಟಿದ್ದ ಚೆಕ್ ನಿಘಂಟಿನ ಹಸ್ತಪ್ರತಿಯು ಸುಟ್ಟು ಬೂದಿಯಾಯಿತು. ಆಗ ಆತನಿಗೆ ಅರುವತ್ತನಾಲ್ಕು ವರ್ಷ. ಈ ನಷ್ಟದ ನೋವು ಕೊನೆಯವರೆಗೂ ಆತನನ್ನು ಬಿಡಲಿಲ್ಲ. ಆಮ್‌ಸ್ಟರ್‌ಡಾಮ್ ನಗರವು ಆಶ್ರಯವನ್ನಿತ್ತಿತು; ಬೋಧನಶಾಸ್ತ್ರದ ಆತನ ಬರಹಗಳೆಲ್ಲವೂ 1657ರಲ್ಲಿ ಅಲ್ಲಿಯೇ ಒಂದುಗೂಡಿ ಪ್ರಕಟವಾದವು. 1670ನೆಯ ನವೆಂಬರು 15ರಂದು ಆತನು ದೇಹವನ್ನು ಬಿಟ್ಟನು. ಸಮೀಪದ ನಾರ್ಡೆನ್ ಪಟ್ಟಣದಲ್ಲಿ ಆತನ ಸಮಾಧಿಯಿದೆ.

ಆತನಲ್ಲಿ ಕುಂದುಗಳೇ ಇರಲಿಲ್ಲವೆಂದಲ್ಲ. ಭವಿಷ್ಯವಾಣಿಗಳನ್ನು ನುಡಿಯುವವರನ್ನು ನಂಬಿ, ಅವುಗಳನ್ನು ಅಚ್ಚುಹಾಕಿಸಿ ನಿಂದೆಗೆ ಗುರಿಯಾದನು. ಕೋಪರ್ನಿಕಸನ ಹಸ್ತಪ್ರತಿಯನ್ನು ಕೊಂಡವನೇ ಕೋಪರ್ನಿಕಸನ ಸಿದ್ಧಾಂತವನ್ನು ಒಪ್ಪಲಿಲ್ಲ. ಎಲ್ಲ ವಿದ್ಯೆಗಳನ್ನೂ ಎಲ್ಲರಿಗೂ ಕಲಿಸಬಹುದೆಂಬ ಆತನ ಹಂಬಲವು ಕೆಲವೊಮ್ಮೆ ಪಾಠಗಳ ಭಾರವನ್ನು ಹೆಚ್ಚಿಸಿತು. ಆತನ ಕಡೆಯ ಮಹಾಗ್ರಂಥವು ಕಣ್ಮರೆಯಾಗಿದ್ದು, 1930ರ ದಶಕದಲ್ಲಿ ಜರ್ಮನಿಯ ಹಾಲೆ ನಗರದಲ್ಲಿ ಬೆಳಕಿಗೆ ಬಂದಿತು. ವಿದ್ಯಾಭ್ಯಾಸವು ಶಾಲೆಯಲ್ಲಿ ಮುಗಿಯುವುದಲ್ಲ, ಗರ್ಭದಿಂದ ಮುಪ್ಪಿನವರೆಗೂ ನಡೆಯತಕ್ಕದ್ದು ಎಂಬ ವಿಚಾರವನ್ನು ಅದರಲ್ಲಿ ಕಾಣುತ್ತೇವೆ. ತಾಯ್ನಾಡು ಆತನನ್ನು ಮರೆಯಲಿಲ್ಲ. ಆತನು ಹುಟ್ಟಿದ ಮಾರ್ಚಿ 28 ಇಂದು ಚೆಕ್ ಮತ್ತು ಸ್ಲೊವಾಕ್ ದೇಶಗಳಲ್ಲಿ ಶಿಕ್ಷಕರ ದಿನವಾಗಿದೆ.

ಪರಸ್ಥಳದಲ್ಲಿ ನಡೆಯುವ ನಮ್ಮಂತಹ ಕನ್ನಡ ಶಾಲೆಗಳಿಗೆ ಈ ಜೀವನದಲ್ಲಿ ಹತ್ತಿರದ ಸಂಬಂಧವೊಂದಿದೆ. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡವನ್ನೂ, ಬೀದಿಯಲ್ಲಿ ಮರಾಠಿ ಹಿಂದಿಗಳನ್ನೂ ಕೇಳುತ್ತಾರೆ. ಇಂಗ್ಲೀಷು ಎಲ್ಲೆಡೆಯಲ್ಲಿಯೂ ಕೈಬೀಸಿ ಕರೆಯುತ್ತದೆ. ಕನ್ನಡದಲ್ಲಿ ಕಲಿತರೆ ಮಗುವು ಹಿಂದೆ ಬೀಳುವುದಲ್ಲವೇ ಎಂದು ತಂದೆತಾಯಿಗಳು ಕೇಳುತ್ತಾರೆ; ತರಗತಿಯ ಬೆಂಚುಗಳು ವರ್ಷದಿಂದ ವರ್ಷಕ್ಕೆ ತೆರವಾಗುತ್ತಿವೆ. ಈ ಪ್ರಶ್ನೆಗೆ ಅಭಿಮಾನದ ಭಾಷಣವು ಉತ್ತರವಾಗಲಾರದು. ಚೆನ್ನಾಗಿ ಜೋಡಿಸಿದ ಪಾಠವೇ ಉತ್ತರ. ಸುಗ್ಗಿಯ ಕಣವನ್ನು ಎಂದೂ ಕಾಣದ ಮುಂಬಯಿಯ ಚಾಳಿನ ಮಗುವಿಗೆ ಸುಗ್ಗಿಯ ಪಾಠವನ್ನು ಕಂಠಪಾಠ ಮಾಡಿಸಿದರೆ ನಾವೂ ಹಳೆಯ ಲ್ಯಾಟಿನ್ ಪಂತರ ದಾರಿಯನ್ನೇ ಹಿಡಿದಂತಾಗುತ್ತದೆ. ಅದರ ಕಣ್ಣೆದುರಿಗಿರುವ ನಲ್ಲಿ, ರೈಲುಗಾಡಿ, ಮಳೆನೀರು ತುಂಬಿದ ಬೀದಿ, ಸಮುದ್ರ, ಸಂತೆಯಿಂದ ಕನ್ನಡವನ್ನು ತೊಡಗಿ, ಅಲ್ಲಿಂದ ಒಂದೊಂದೇ ಮೆಟ್ಟಿಲಾಗಿ ಸುಗ್ಗಿಯ ಕಣಕ್ಕೆ ಕರೆದೊಯ್ಯಬೇಕು. ನೆರೆಯವರ ಮರಾಠಿಯನ್ನು ಅವರ ಮಕ್ಕಳೊಡನೆ ಆಡಿ ಕಲಿಯಲಿ; ಇಂಗ್ಲೀಷನ್ನೂ ಭದ್ರವಾದ ತಳಪಾಯದ ಮೇಲೆ ಕಲಿಯಲಿ. ತನ್ನ ನಾಡನ್ನು ಮರಳಿ ಕಾಣದವನು ಜೀವಮಾನವೆಲ್ಲ ಆ ನಾಡಿನ ಮಕ್ಕಳಿಗಾಗಿ ಪಾಠಗಳನ್ನು ಬರೆದು, ಬರೆದುದನ್ನು ತಿದ್ದಿ, ತಿದ್ದಿದುದನ್ನು ಮತ್ತೆ ಬರೆದನು. ನಾವಾದರೋ ಒಂದು ರಾತ್ರಿಯ ಪ್ರಯಾಣದಲ್ಲಿ ಊರನ್ನು ಮುಟ್ಟಬಲ್ಲವರು. ನಾಳೆಯ ಪಾಠವನ್ನು ಇಂದಿನದಕ್ಕಿಂತ ಸ್ವಲ್ಪ ಸುಲಭವಾಗಿ, ಸ್ವಲ್ಪ ಸ್ಪಷ್ಟವಾಗಿ ಸಿದ್ಧಪಡಿಸುವ ಶ್ರಮವನ್ನು ನಾವು ವಹಿಸಿಕೊಂಡರೆ, ಆ ಮಹನೀಯನಿಗೆ ಸಲ್ಲತಕ್ಕ ಗೌರವವು ಸಂದಂತಾಗುತ್ತದೆ.